ಏಪ್ರಿಲ್ 23ರ ಲೆಕ್ಕ

2017ರ ಏಪ್ರಿಲ್ 23, ಭಾನುವಾರ, ಕೋಲ್ಕತ್ತದ ಈಡನ್ ಗಾರ್ಡನ್ಸ್, ಐಪಿಎಲ್ ಪಂದ್ಯ, ಎದುರಿಗೆ ಕೋಲ್ಕತ್ತ ತಂಡ. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಆಡಿದ್ದು 9.4 ಓವರ್, ಅಂದರೆ 58 ಎಸೆತ. ಗಳಿಸಿದ್ದು 49 ರನ್. ಗೇಲ್ 7, ಕೊಹ್ಲಿ 0, ಮನದೀಪ್ 1, ಡಿವಿಲಿಯರ್ಸ್ 8, ಕೇದಾರ್ ಜಾಧವ್ 9, ಬಿನ್ನಿ 8, ನೇಗಿ 2, ಬದ್ರಿ 0, ಮಿಲ್ಸ್ 2, ಅರವಿಂದ್ 5, ಚಾಹಲ್ 0. ಹನ್ನೊಂದು ಜನರಲ್ಲಿ ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಕೂಡಿಸಿ ನೋಡಿ: ಬ್ಯಾಟಿನಿಂದ ಬಂದದ್ದು 42, ಉಳಿದ 7 ಇತರೆ ರನ್.

ಇನ್ನು ನಾಲ್ಕು ವರ್ಷ ಹಿಂದಕ್ಕೆ ಹೋಗಿ. 2013, ಅದೇ ಏಪ್ರಿಲ್ 23, ಚಿನ್ನಸ್ವಾಮಿ ಕ್ರೀಡಾಂಗಣ, ಎದುರಿಗೆ ಪುಣೆ ವಾರಿಯರ್ಸ್. ಅದೇ ತಂಡ 20 ಓವರ್‌ಗಳಲ್ಲಿ 5 ವಿಕೆಟ್‌ಗೆ 263. ಗೇಲ್ ಒಬ್ಬರೇ 66 ಎಸೆತಗಳಲ್ಲಿ ಔಟಾಗದೆ 175. ನೂರು ಮುಟ್ಟಲು ಅವರಿಗೆ ಬೇಕಾದದ್ದು 30 ಎಸೆತ. ಹೊಡೆದ ಸಿಕ್ಸರ್ 17. ಬರೀ ಸಿಕ್ಸರ್‌ಗಳಿಂದಲೇ 102 ರನ್, ಈಡನ್‌ನಲ್ಲಿ ಇಡೀ ತಂಡ ಮಾಡಿದ್ದರ ಎರಡು ಪಟ್ಟಿಗಿಂತಲೂ ಹೆಚ್ಚು.

ಅಲ್ಲಿಗೂ ಮುಗಿಯಲಿಲ್ಲ. 2022ರ ಏಪ್ರಿಲ್ 23, ಮುಂಬೈನ ಬ್ರೆಬೋರ್ನ್, ಎದುರಿಗೆ ಹೈದರಾಬಾದ್. 16.1 ಓವರ್‌ಗಳಲ್ಲಿ 68ಕ್ಕೆ ಆಲೌಟ್. ಮಾರ್ಕೊ ಯಾನ್ಸನ್ ಒಂದೇ ಓವರಿನಲ್ಲಿ ಡು ಪ್ಲೆಸಿ, ಕೊಹ್ಲಿ, ರಾವತ್ ಮೂವರನ್ನೂ ಕಳಿಸಿದರು. ಎರಡಂಕಿ ಮುಟ್ಟಿದವರು ಇಬ್ಬರೇ: ಪ್ರಭುದೇಸಾಯಿ 15, ಮ್ಯಾಕ್ಸ್‌ವೆಲ್ 12. ಕೊಹ್ಲಿ 2017ರ ಹಾಗೆಯೇ ಮೊದಲ ಎಸೆತಕ್ಕೇ ಔಟ್. ಮರುವರ್ಷ, 2023ರ ಏಪ್ರಿಲ್ 23ರಂದು, ರಾಜಸ್ಥಾನದ ವಿರುದ್ಧವೂ ಅವರು ಮೊದಲ ಎಸೆತಕ್ಕೇ ಔಟ್. ಪಂದ್ಯವನ್ನು ಮಾತ್ರ ತಂಡ 7 ರನ್‌ನಿಂದ ಗೆದ್ದಿತು.

ಆ ಎರಡು ಕುಸಿತಗಳನ್ನು ಒಟ್ಟುಗೂಡಿಸಿದರೆ 155 ಎಸೆತ, 20 ವಿಕೆಟ್, 117 ರನ್. ಗೇಲ್ 66 ಎಸೆತಗಳಲ್ಲಿ ಒಬ್ಬರೇ ಮಾಡಿದ್ದನ್ನು ಮುಟ್ಟಲು ಇನ್ನೂ 58 ಬೇಕು! ಒಂದೇ ತಂಡದ, ಒಂದೇ ತಾರೀಖಿನ ಅಂಕಿಗಳಿವು ಎಂದರೆ ಈಗಲೂ ನನಗೆ ನಂಬಲಾಗುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ನಮ್ಮ ಸಾವಳಗಿಯಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಚಿನ್ನಸ್ವಾಮಿಯ ಮೆಟ್ಟಿಲು ತುಳಿದವರು ಇಲ್ಲಿ ಬಹಳ ಜನ ಇಲ್ಲ. ಆದರೆ ಏಪ್ರಿಲ್ ಬಂತೆಂದರೆ ಬಿಸಿಲಿಗೆ ಬಾಡಿದ ಜನ ಸಂಜೆ ಟಿವಿ ಮುಂದೆ ಸೇರುತ್ತಾರೆ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಬಿಡಲು ಹೋದವರು ಬದುವಿನ ಮೇಲೆ ಕುಳಿತು ಮೊಬೈಲಿನಲ್ಲಿ ಸ್ಕೋರು ನೋಡುತ್ತಾರೆ. ಈಡನ್‌ನ ಆ ರಾತ್ರಿ ಮೊದಲು ಎಲ್ಲರ ಮುಖದಲ್ಲೂ ನಗು. ಕೋಲ್ಕತ್ತವನ್ನು 131ಕ್ಕೆ ಕಟ್ಟಿಹಾಕಿದ್ದರು. ಚಾಹಲ್ 16 ರನ್‌ಗೆ 3 ವಿಕೆಟ್ ಕಿತ್ತಿದ್ದರು. 132 ಯಾವ ಲೆಕ್ಕ? ಐದೇ ದಿನದ ಹಿಂದೆ, ಏಪ್ರಿಲ್ 18ರಂದು, ರಾಜಕೋಟ್‌ನಲ್ಲಿ ಇದೇ ತಂಡ 2 ವಿಕೆಟ್‌ಗೆ 213 ಹೊಡೆದಿತ್ತು. ಟಿ20ಯಲ್ಲಿ 10,000 ರನ್ ದಾಟಿದ ಮೊದಲಿಗರಾಗಿ ಗೇಲ್ ಅಂದೇ ದಾಖಲೆ ಬರೆದಿದ್ದರು. ಆಮೇಲೆ ಶುರುವಾಯಿತು. "ಮತ್ತೊಬ್ಬ ಹ್ವಾದ ನೋಡ್ರಿ" ಎಂಬ ಮಾತು ಮುಗಿಯುವುದರೊಳಗೆ ಇನ್ನೊಬ್ಬ. ಸರಾಸರಿ ಆರು ಎಸೆತಕ್ಕೂ ಮೊದಲೇ ಒಂದು ವಿಕೆಟ್. "ಬಂದ್ ಮಾಡೋ ಮಾರಾಯ" ಎಂದು ಸಿಟ್ಟಿನಿಂದ ಎದ್ದವರು ಬಾಗಿಲ ತನಕ ಹೋಗಿ, ಅಲ್ಲೇ ನಿಂತು ನೋಡಿದರು. ಎದ್ದು ಹೋಗಲಾರದ ಆ ಸಂಕಟ ಇಲ್ಲಿಯವರಿಗೆಲ್ಲ ಗೊತ್ತು.

ನೋವಿಗೆ ಇನ್ನೊಂದು ಕಾರಣವಿತ್ತು. ಕೊಹ್ಲಿಯ ಕ್ಯಾಚನ್ನು ಸ್ಲಿಪ್‌ನಲ್ಲಿ ಹಿಡಿದವರು ಕರ್ನಾಟಕದ ಮನೀಶ್ ಪಾಂಡೆ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅವರು. 2009ರಲ್ಲಿ ಹೊಡೆದದ್ದು ಬೆಂಗಳೂರಿನ ಪರವಾಗಿ. ವಿಕೆಟ್ ಹಿಂದೆ ನಿಂತಿದ್ದವರೂ ನಮ್ಮವರೇ, ರಾಬಿನ್ ಉತ್ತಪ್ಪ. ಅದುವರೆಗೆ ಐಪಿಎಲ್‌ನ ಅತಿ ಕಡಿಮೆ ಮೊತ್ತ 2009ರಲ್ಲಿ ರಾಜಸ್ಥಾನ ಗಳಿಸಿದ 58. ಅದನ್ನು ಮಾಡಿಸಿದವರು ನಮ್ಮ ಅನಿಲ್ ಕುಂಬ್ಳೆ: ಕೇಪ್‌ಟೌನ್‌ನಲ್ಲಿ 19 ಎಸೆತ, 5 ರನ್, 5 ವಿಕೆಟ್. ಕುಂಬ್ಳೆ ಬೇರೆಯವರ ಹೆಸರಿಗೆ ಬರೆದುಕೊಟ್ಟಿದ್ದ ಆ ದಾಖಲೆಯನ್ನು ಎಂಟು ವರ್ಷದ ಮೇಲೆ ಅವರದೇ ತಂಡ ತನ್ನ ಹೆಸರಿಗೆ ತಂದುಕೊಂಡಿತು.

ಇಡೀ ತಂಡದಲ್ಲಿ ಒಬ್ಬರೂ ಎರಡಂಕಿ ಮುಟ್ಟದಿರುವುದು ಎಷ್ಟು ಅಪರೂಪ? ಒಬ್ಬ ಆಟಗಾರ ಹತ್ತು ರನ್ನಿಗೆ ಮೊದಲೇ ಔಟಾಗುವ ಸಾಧ್ಯತೆ ಹತ್ತರಲ್ಲಿ ನಾಲ್ಕು ಎಂದು ಹಿಡಿಯಿರಿ. ಟಿ20ಯಲ್ಲಿ ಇದೇನೂ ಅತಿರೇಕವಲ್ಲ. ಹತ್ತು ಜನರೂ ಒಂದೇ ದಿನ ಹಾಗೆ ಔಟಾಗುವ ಸಾಧ್ಯತೆ ಆಗ ಹತ್ತು ಸಾವಿರಕ್ಕೆ ಒಂದು. ಆದರೆ ಈ ಲೆಕ್ಕ ಒಬ್ಬರ ಔಟಿಗೂ ಇನ್ನೊಬ್ಬರ ಔಟಿಗೂ ಸಂಬಂಧವಿಲ್ಲ ಎಂದುಕೊಂಡು ಹಾಕಿದ್ದು. ಮೈದಾನದಲ್ಲಿ ಹಾಗಿರುವುದಿಲ್ಲ. ಬೌಲರ್ ಕೈಯಿಂದ ಬ್ಯಾಟಿಗೆ ಸುಮಾರು 18 ಮೀಟರ್. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಅದನ್ನು ಅರ್ಧ ಸೆಕೆಂಡಿನೊಳಗೆ ದಾಟುತ್ತದೆ. ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂ.ಮೀ.; ಚೆಂಡು ಐದಾರು ಸೆಂ.ಮೀ. ಸರಿದರೆ ತಾಗುವುದು ಅಂಚಿಗೆ. ಆ ರಾತ್ರಿ ಬೌಲ್ ಮಾಡಿದ ಕೋಲ್ಕತ್ತದ ನಾಲ್ವರೂ ವೇಗಿಗಳೇ. ಕೂಲ್ಟರ್‌ನೈಲ್, ವೋಕ್ಸ್, ಡಿ ಗ್ರಾಂಡ್‌ಹೋಮ್ ತಲಾ ಮೂರು, ಉಮೇಶ್ ಒಂದು. ಮೂರು ವಿಕೆಟ್ ಬಿದ್ದಾಗ ಬರುವವನ ಎದೆಬಡಿತವೇ ಬೇರೆ. ಐದು ಬಿದ್ದಮೇಲೆ ಬರುವವನ ಕಾಲು ಕ್ರೀಸ್‌ನಲ್ಲಿ ಕದಲುವುದೇ ಇಲ್ಲ. ಸೋಲು ಒಬ್ಬರಿಂದೊಬ್ಬರಿಗೆ ಅಂಟುತ್ತದೆ ಎಂದೇ ನನ್ನ ನಂಬಿಕೆ.

ಅಂಟಿದ್ದು ಅಂದಿಗೇ ಬಿಡಲೂ ಇಲ್ಲ. ಮುಂದಿನ ಪಂದ್ಯ ಮಳೆಗೆ ಹೋಯಿತು. ಅದರ ಮುಂದಿನದರಲ್ಲಿ 134ಕ್ಕೆ ಆಲೌಟ್. ಬಳಿಕ ಪುಣೆಯ ವಿರುದ್ಧ 9 ವಿಕೆಟ್‌ಗೆ 96; ಅದರಲ್ಲಿ ಕೊಹ್ಲಿಯದೇ 55, ಉಳಿದವರಲ್ಲಿ ಒಬ್ಬರೂ ಹತ್ತು ದಾಟಲಿಲ್ಲ. ಪಂಜಾಬ್ ಕೊಟ್ಟ ಗುರಿ 139, ನಿಂತದ್ದು 119ಕ್ಕೆ. ಹದಿನಾಲ್ಕು ಪಂದ್ಯಗಳಲ್ಲಿ ಗೆದ್ದದ್ದು ಮೂರು, ಕಡೆಯ ಸ್ಥಾನ. ಹಿಂದಿನ ವರ್ಷ ಒಂದೇ ಸೀಸನ್ನಿನಲ್ಲಿ 973 ರನ್, ನಾಲ್ಕು ಶತಕ ಹೊಡೆದಿದ್ದ ಕೊಹ್ಲಿ ಅದೇ ತಂಡದ ನಾಯಕ.

ಅಮೆರಿಕದ ಬೇಸ್‌ಬಾಲ್ ಇಂಥ ಬರಗಾಲಗಳ ತವರು. ಅಲ್ಲಿ ಹತ್ತು ಸಲ ಬ್ಯಾಟ್ ಬೀಸಲು ನಿಂತು ಮೂರು ಸಲ ಗೆದ್ದವನೇ ಉತ್ತಮ ಆಟಗಾರ. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ರಿಸ್ ಡೇವಿಸ್ 2013ರಲ್ಲಿ 53 ಹೋಮ್ ರನ್ ಹೊಡೆದವರು. 2018ರ ಸೆಪ್ಟೆಂಬರಿನಿಂದ 2019ರ ಏಪ್ರಿಲ್‌ವರೆಗೆ ಸತತ 54 ಪ್ರಯತ್ನಗಳಲ್ಲಿ ಅವರಿಗೆ ಒಂದೇ ಒಂದು ಹಿಟ್ ದಕ್ಕಲಿಲ್ಲ. ಶಿಕಾಗೊ ಕಬ್ಸ್ ಅಭಿಮಾನಿಗಳು 1908ರ ನಂತರ ಮತ್ತೊಂದು ಕಿರೀಟ ಕಂಡದ್ದು 2016ರಲ್ಲಿ, 108 ವರ್ಷಕ್ಕೆ.

ನಮ್ಮ ಕಾಯುವಿಕೆ ಅಷ್ಟು ಉದ್ದದ್ದಲ್ಲ, ಆದರೆ ಅದು ಶುರುವಾದದ್ದೇ ಕುಸಿತದಿಂದ. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ನಮ್ಮದೇ ಅಂಗಳ. ಕೋಲ್ಕತ್ತದ ಮೆಕಲಮ್ ಒಬ್ಬರೇ 158. ದ್ರಾವಿಡ್ ನಾಯಕತ್ವದ ಬೆಂಗಳೂರು ಎಲ್ಲರೂ ಸೇರಿ 82. ನಮ್ಮ ಕಡೆಯ ಗದಗದ ಸುನೀಲ್ ಜೋಶಿ ಆ ಹನ್ನೊಂದರಲ್ಲಿದ್ದರು ಎಂಬುದು ಇಲ್ಲಿಯ ಹಿರಿಯರಿಗೆ ಅಭಿಮಾನ. ತಂಡದ ಅತಿ ಹೆಚ್ಚು ಸ್ಕೋರು ಇತರೆ ರನ್‌ಗಳದ್ದು, 19. ಆಮೇಲೆ ಮೂರು ಫೈನಲ್ ಸೋಲು: 2009ರಲ್ಲಿ 6 ರನ್, 2011ರಲ್ಲಿ 58 ರನ್, 2016ರಲ್ಲಿ 8 ರನ್. ಈ ಮೂರನೆಯದನ್ನು ನಾನಿನ್ನೂ ಕ್ಷಮಿಸಿಲ್ಲ. ಮೊದಲ ವಿಕೆಟ್ ಬಿದ್ದದ್ದೇ 114ಕ್ಕೆ. 57 ಎಸೆತಗಳಲ್ಲಿ 95 ರನ್ ಸಾಕಿತ್ತು, ಕೈಯಲ್ಲಿ ಒಂಬತ್ತು ವಿಕೆಟ್ ಇದ್ದವು. 2019ರಲ್ಲಿ ಮೊದಲ ಆರೂ ಪಂದ್ಯ ಸೋತರು. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದರು. ಕೊನೆಗೆ 2025ರ ಜೂನ್ 3, ಅಹಮದಾಬಾದ್: ಬೆಂಗಳೂರು 190, ಪಂಜಾಬ್ 184. ಗೆಲುವಿನ ಅಂತರ 6 ರನ್, 2009ರಲ್ಲಿ ಸೋತಷ್ಟೇ. ಆ ಮೊದಲ ಪಂದ್ಯದಿಂದ ಎಣಿಸಿದರೆ 6,255 ದಿನ.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಕ್ರೀಡಾಂಗಣ ಹಿಡಿಯುವುದು ಸುಮಾರು 35 ಸಾವಿರ ಜನರನ್ನು; ಬಂದವರು ಎರಡು-ಮೂರು ಲಕ್ಷ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಈ ಅಭಿಮಾನದ ಗಾತ್ರವನ್ನು ಯಾರೂ ಮೊದಲೇ ಎಣಿಸಿ ನೋಡಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. 2011ರ ಜನಗಣತಿಯಂತೆ ನಮ್ಮ ಬಾಗಲಕೋಟೆ ಜಿಲ್ಲೆಯೊಂದರಲ್ಲೇ ಸುಮಾರು 18.9 ಲಕ್ಷ ಜನ. ಅಷ್ಟೂ ಜನ ಕೂರಬೇಕೆಂದರೆ ಐವತ್ನಾಲ್ಕು ಚಿನ್ನಸ್ವಾಮಿಗಳು ಬೇಕು. 49ರ ರಾತ್ರಿಯನ್ನೂ 68ರ ರಾತ್ರಿಯನ್ನೂ ನುಂಗಿಕೊಂಡು ಮರುವರ್ಷ ಮತ್ತೆ ಟಿವಿ ಹಚ್ಚಿದವರು ಇಂಥ ಜಿಲ್ಲೆಗಳಲ್ಲಿ ಇದ್ದಾರೆ. ಆ ಕಪ್ ಒಂದೇ ಗೇಟಿನ ಮುಂದೆ ಲಕ್ಷಗಟ್ಟಲೆ ಜನರನ್ನು ಸೇರಿಸಬೇಕಿರಲಿಲ್ಲ. ಹುಬ್ಬಳ್ಳಿ, ಗದಗ, ಬಾಗಲಕೋಟೆ, ವಿಜಯಪುರಗಳಲ್ಲಿ ಬಯಲು ಮೈದಾನ ನೋಡಿ ಒಂದೊಂದು ದಿನ ಇಟ್ಟಿದ್ದರೆ ಸಾಕಿತ್ತು. ಇನ್ನು ಮುಂದೆ ಗೆದ್ದಾಗಲೆಲ್ಲ ಹಾಗೆ ಮಾಡಲಿ. ಸಾವಳಗಿಯ ಹುಡುಗರು ವಿಜಯಪುರಕ್ಕೆ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತಾರೆ.