ಮಣ್ಣಿನ ತಿರುವಿನಲ್ಲಿ ಮಲಗಬೇಕಾದ್ದು ಬೈಕು, ಸವಾರನಲ್ಲ

ಅಂಡಾಕಾರದ ಸಮತಟ್ಟು ಮಣ್ಣಿನ ಹಾದಿಯಲ್ಲಿ, ಟಿಟಿ ಎಂಬ ಒಂದು ಬಗೆಯನ್ನು ಬಿಟ್ಟರೆ ಸದಾ ಎಡಕ್ಕೇ ತಿರುಗುತ್ತ, ಪ್ರತಿ ತಿರುವಿನಲ್ಲೂ ಹಿಂದಿನ ಚಕ್ರವನ್ನು ಬೇಕೆಂದೇ ಹೊರಕ್ಕೆ ಜಾರಿಸುತ್ತ ಓಡಿಸುವ ಮೋಟಾರ್‌ಸೈಕಲ್ ಪಂದ್ಯಕ್ಕೆ ಅಮೆರಿಕದಲ್ಲಿ ಫ್ಲ್ಯಾಟ್ ಟ್ರ್ಯಾಕ್ ಎಂದು ಹೆಸರು. ಈ ಪಂದ್ಯದ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಒಂದು ಮಾತ್ರ ಹಾಗಲ್ಲ. ವೇಗವಾಗಿ ತಿರುಗಬೇಕಾದರೆ ಸವಾರನು ಬೈಕಿಗಿಂತಲೂ ಹೆಚ್ಚು ಒಳಕ್ಕೆ ವಾಲಬೇಕು, ಅವನ ಮಂಡಿ ನೆಲ ಸವರಬೇಕು ಎಂಬುದು ಆ ನಂಬಿಕೆ. ಮೋಟೊಜಿಪಿಯ ಡಾಂಬರು ಹಾದಿಯಲ್ಲಿ ಸರಿಯಾದ ಈ ಮಾತನ್ನು ಮಣ್ಣಿಗೆ ಹೊತ್ತು ತಂದವರು ಮೊದಲ ಕೆಲವು ತಿರುವುಗಳಲ್ಲೇ ಮಣ್ಣು ಮುಕ್ಕುತ್ತಾರೆ, ಎದ್ದು ಬಂದು ಟೈರನ್ನು ದೂರುತ್ತಾರೆ.

ಈ ನಂಬಿಕೆಯ ಬುಡದಲ್ಲಿರುವುದು ಒಂದು ಸರಳ ಗೊಂದಲ. ತಿರುವಿನಲ್ಲಿ ಎಷ್ಟು ವಾಲಬೇಕೆಂಬುದನ್ನು ನಿರ್ಧರಿಸುವುದು ಸವಾರನ ಧೈರ್ಯವಲ್ಲ, ಅವನ ವೇಗ ಮತ್ತು ತಿರುವಿನ ತ್ರಿಜ್ಯ. 30 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 43 ಕಿ.ಮೀ. ವೇಗದಲ್ಲಿ ಸುತ್ತುವಾಗ, ಟೈರಿನ ಅಗಲವನ್ನು ಲೆಕ್ಕದಿಂದ ಬಿಟ್ಟರೆ, ಟೈರು ನೆಲಕ್ಕೆ ತಾಗಿರುವ ಬಿಂದುವಿನಿಂದ ಬೈಕು ಮತ್ತು ಸವಾರ ಇಬ್ಬರದೂ ಕೂಡಿದ ಗುರುತ್ವಕೇಂದ್ರಕ್ಕೆ, ಅಂದರೆ ಇಡೀ ಭಾರ ಒಂದೆಡೆ ಸೇರಿದೆಯೆಂದು ಭಾವಿಸಬಹುದಾದ ಬಿಂದುವಿಗೆ, ಎಳೆದ ಗೆರೆಯು ಲಂಬದಿಂದ ಸುಮಾರು 26 ಡಿಗ್ರಿ ವಾಲಿರಲೇಬೇಕು. ಈ ಮೊತ್ತವನ್ನು ಬೈಕು ಮತ್ತು ಸವಾರ ತಮ್ಮೊಳಗೆ ಹೇಗೆ ಹಂಚಿಕೊಳ್ಳುತ್ತಾರೆ ಎಂಬುದಷ್ಟೇ ಭಂಗಿಯ ಪ್ರಶ್ನೆ. ಸವಾರನು ಒಳಕ್ಕೆ ಜೋತುಬಿದ್ದರೆ ಬೈಕು 26 ಡಿಗ್ರಿಗಿಂತ ಕಡಿಮೆ ವಾಲಿದರೂ ಸಾಕು, ಅವನು ನೆಟ್ಟಗೆ ಕುಳಿತರೆ ಬೈಕು ಅದಕ್ಕಿಂತ ಹೆಚ್ಚು ಮಲಗಬೇಕು. ಡಾಂಬರಿನ ಮೇಲೆ ಮೊದಲನೆಯದು ಲಾಭ, ಏಕೆಂದರೆ ಅಲ್ಲಿ ಬೈಕು ಇನ್ನೂ ಮಲಗಿದರೆ ಅದರ ಲೋಹದ ಭಾಗಗಳು ನೆಲಕ್ಕೆ ಉಜ್ಜುತ್ತವೆ, ಟೈರು ತನ್ನ ಅಂಚಿನ ಕೊನೆಗೆ ಬಂದು ನಿಲ್ಲುತ್ತದೆ. ಮಣ್ಣಿನ ಮೇಲೆ ಎರಡನೆಯದೇ ಲಾಭ.

ಕಾರಣವಿಷ್ಟು. ಮಣ್ಣಿನಲ್ಲಿ ಹಿಡಿತವು ಗಜಕ್ಕೊಂದು ಬಗೆಯಾಗಿ ಬದಲಾಗುತ್ತದೆ, ಟೈರು ಜಾರುವುದೇ ಅಲ್ಲಿನ ಸಹಜ ಸ್ಥಿತಿ. ಟೈರು ಹೊರಕ್ಕೆ ಜಾರಿದೊಡನೆ ಇಡೀ ಭಾರವನ್ನು ಹೊತ್ತ ಆಧಾರಬಿಂದುವೇ ಪಕ್ಕಕ್ಕೆ ಸರಿಯುತ್ತದೆ, ಸವಾರನ ದೇಹ ಅದರ ಬೆನ್ನು ಹತ್ತಬೇಕಾಗುತ್ತದೆ. ಟೈರಿನ ನೇರಕ್ಕೆ, ಸೀಟಿನ ಹೊರ ಅಂಚಿನಲ್ಲಿ ಕುಳಿತವನಿಗೆ ಆ ದೂರ ಅಂಗೈಯಗಲ. ಒಳಬದಿಗೆ ಜೋತವನಾದರೋ ತನ್ನ ಮುಂಡವನ್ನೆಲ್ಲ ಎತ್ತಿ ಟ್ಯಾಂಕಿನ ಮೇಲಿಂದ ಈಚೆ ದಾಟಿಸಬೇಕು, ಅಷ್ಟರಲ್ಲಿ ಬೈಕು ಅವನ ಕೆಳಗಿನಿಂದ ನುಸುಳಿಕೊಂಡು ಹೋಗಿರುತ್ತದೆ.

ಹಾಗಾದರೆ ಸರಿಯಾದ ಭಂಗಿಯಲ್ಲಿ ಅಂಗಾಂಗಗಳು ಎಲ್ಲಿರುತ್ತವೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಸೊಂಟವು ಸೀಟಿನ ನಡುವಿನಿಂದ ಬಲಕ್ಕೆ ಸರಿದಿರುತ್ತದೆ, ಬಲ ಮಂಡಿ ಟ್ಯಾಂಕನ್ನು ಒತ್ತಿ ಹಿಡಿದಿರುತ್ತದೆ, ಬಲಗಾಲು ಫುಟ್‌ರೆಸ್ಟಿನ ಮೇಲೆ ಬಲವಾಗಿ ಊರಿರುತ್ತದೆ. ಎಡಗೈ ಬಹುಮಟ್ಟಿಗೆ ನೀಳವಾಗಿ ಹ್ಯಾಂಡಲನ್ನು ಕೆಳಕ್ಕೆ ತಳ್ಳುತ್ತಿದ್ದರೆ, ಬಲ ಮೊಣಕೈ ಮಡಿಸಿಕೊಂಡು ಹೆಗಲೆತ್ತರಕ್ಕೆ ಏರಿರುತ್ತದೆ. ತಲೆ ಮಾತ್ರ ಯಾವ ಕಡೆಗೂ ವಾಲದೆ, ಎರಡು ಕಣ್ಣುಗಳ ಗೆರೆ ದಿಗಂತಕ್ಕೆ ಸಮನಾಗಿ, ನೋಟ ತಿರುವು ಮುಗಿಯುವ ಜಾಗದಲ್ಲಿ ನೆಟ್ಟಿರುತ್ತದೆ.

ಇದನ್ನು ಪರೀಕ್ಷಿಸಲು ಓಟದ ಹಾದಿಯೂ ಬೇಡ. ಎಂಜಿನ್ ಆರಿಸಿ ನಿಲ್ಲಿಸಿದ ಬೈಕಿನ ಮೇಲೆ ಕುಳಿತು, ಎಡಗಾಲನ್ನು ನೆಲಕ್ಕೆ ಊರಿ, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು ಬೈಕನ್ನು ಎಡಕ್ಕೆ ತುಸು ವಾಲಿಸಿದರೆ ಸಾಕು. ದೇಹವನ್ನೂ ಎಡಕ್ಕೆ ಬಾಗಿಸಿದಾಗ ಎಡತೊಡೆ ನಡುಗುವಷ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಸೊಂಟವನ್ನು ಸೀಟಿನ ಬಲ ಅಂಚಿಗೆ ಸರಿಸಿ ಬೆನ್ನು ನೆಟ್ಟಗೆ ಮಾಡಿದೊಡನೆ, ಬೈಕಿನ ವಾಲು ಎಳ್ಳಷ್ಟೂ ಬದಲಾಗದಿದ್ದರೂ ಅದೇ ಕಾಲು ಹಗುರವಾಗುತ್ತದೆ. ಅರ್ಧ ನಿಮಿಷದ ಈ ಪ್ರಯೋಗವನ್ನು ಮಾಡುವ ಬದಲು ಅರ್ಧ ದಿನ ವಾದ ಮಾಡುವವರೇ ಹೆಚ್ಚು ಎಂಬುದು ಬೇರೆ ಮಾತು.

ಸರಿಯಾದ ಭಂಗಿಯನ್ನು ಒಪ್ಪಿದವರಲ್ಲೂ ಒಂದು ಅರ್ಧಸತ್ಯ ಓಡಾಡುತ್ತದೆ: ಹೊರಬದಿಯ ಫುಟ್‌ರೆಸ್ಟನ್ನು ತುಳಿದರೆ ಟೈರಿನ ಮೇಲೆ ಭಾರ ಹೆಚ್ಚುತ್ತದೆ ಎಂಬುದು. ತಕ್ಕಡಿಯಲ್ಲಿ ಕುಳಿತವನು ಒಂದೇ ಕಾಲೂರಿದ ಮಾತ್ರಕ್ಕೆ ಅವನ ತೂಕ ಹೆಚ್ಚದು. ಬಲಗಾಲನ್ನು ಊರುವುದರಿಂದ ಸಿಗುವುದು ಹೊಸ ಭಾರವಲ್ಲ, ಒಂದು ನೆಲೆ. ಆ ನೆಲೆಯಿಂದಲೇ ಸವಾರನು ತಾನು ಅಲುಗದೆ ಬೈಕನ್ನು ಮಾತ್ರ ತನ್ನ ಕೆಳಗೆ ಮಲಗಿಸಬಲ್ಲ, ಎಬ್ಬಿಸಬಲ್ಲ.

ನೆಟ್ಟಗೆ ಕೂರುವುದು ಮಂಡಿ ಸವರುವ ಕಲೆ ಬರುವುದಕ್ಕೆ ಮುಂಚಿನ ಹಳೆಯ ಪದ್ಧತಿ, ಹೊಸ ಕಾಲದ ಸವಾರರು ಅದನ್ನು ಮೀರಿದ್ದಾರೆ ಎಂಬ ವಾದವನ್ನು ಕೆನ್ನಿ ರಾಬರ್ಟ್ಸ್ ಒಬ್ಬರ ಜೀವನವೇ ಅಲ್ಲಗಳೆಯುತ್ತದೆ. 1954ರಲ್ಲಿ ಆರಂಭವಾದ ಅಮೆರಿಕದ ಗ್ರ್ಯಾಂಡ್ ನ್ಯಾಷನಲ್ ಚಾಂಪಿಯನ್‌ಶಿಪ್‌ನಲ್ಲಿ ಆ ಕಾಲಕ್ಕೆ ಮಣ್ಣಿನ ಓಟಗಳ ಜತೆಗೆ ಡಾಂಬರು ಹಾದಿಯ ಓಟಗಳೂ ಸೇರಿದ್ದವು, ಎಲ್ಲದರ ಅಂಕಗಳೂ ಒಂದೇ ಪಟ್ಟಿಗೆ ಜಮೆಯಾಗುತ್ತಿದ್ದವು. 1973 ಮತ್ತು 1974ರಲ್ಲಿ ಆ ಪ್ರಶಸ್ತಿ ಗೆದ್ದು, ಮುಂದೆ 1978ರಿಂದ 1980ರವರೆಗೆ ಸತತ ಮೂರು ವರ್ಷ 500 ಸಿಸಿ ವಿಶ್ವ ಚಾಂಪಿಯನ್ ಆದ ರಾಬರ್ಟ್ಸ್, ಡಾಂಬರಿನ ಮೇಲೆ ಒಳಕ್ಕೆ ಜೋತು ಮಂಡಿ ಸವರುವ ಶೈಲಿಗೆ ಹೆಸರಾದವರು. ಅವರೇ ಮಣ್ಣಿಗಿಳಿದರೆ ಬೈಕನ್ನು ಮಲಗಿಸಿ ತಾವು ಅದರ ಮೇಲೆ ಕೂರುತ್ತಿದ್ದರು. ಎರಡೂ ಭಂಗಿಗಳನ್ನು ಬಲ್ಲವನು ನೆಲ ನೋಡಿ ಭಂಗಿ ಆರಿಸಿಕೊಂಡ ಮೇಲೆ, ಯಾವುದು ಹಳತು ಯಾವುದು ಹೊಸತು ಎಂಬ ಚರ್ಚೆಗೆ ಅರ್ಥ ಉಳಿಯುವುದಿಲ್ಲ. ಫ್ಲ್ಯಾಟ್ ಟ್ರ್ಯಾಕ್‌ನಲ್ಲೇ ಬೆಳೆದು 2006ರಲ್ಲಿ ಮೋಟೊಜಿಪಿ ವಿಶ್ವ ಚಾಂಪಿಯನ್ ಆದ ನಿಕಿ ಹೇಡನ್ ಅವರ ಕಥೆಯೂ ಇದೇ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಎಡ ಬೂಟಿನ ಅಡಿಗೆ ತೊಡುವ ಉಕ್ಕಿನ ತಗಡು ಬೈಕನ್ನು ಹೊತ್ತು ನಿಲ್ಲಿಸಲು ಇರುವುದಲ್ಲ; ಒಂದೂವರೆ ಕ್ವಿಂಟಲಿಗೆ ಸಮೀಪದ ಯಂತ್ರವನ್ನು ಆ ವೇಗದಲ್ಲಿ ಒಂಟಿ ಕಾಲಿನಿಂದ ಎತ್ತಿ ಹಿಡಿಯಹೊರಟರೆ ಮುರಿಯುವುದು ಕಾಲೇ, ಆದ್ದರಿಂದ ಆ ಕಾಲು ನೆಲವನ್ನು ಸವರುತ್ತ ಹಿಡಿತದ ಸುಳಿವನ್ನಷ್ಟೇ ತಿಳಿಯುತ್ತಿರುತ್ತದೆ. ಎಡ ತಿರುವಿನಲ್ಲಿ ಹ್ಯಾಂಡಲ್ ಬಲಕ್ಕೆ ತಿರುಗಿರುವುದು ಸವಾರನ ಚಮತ್ಕಾರವಲ್ಲ. ಹಿಂಬದಿ ಹೊರಕ್ಕೆ ಸರಿದಾಗ ಮುಂದಿನ ಚಕ್ರವು ಬೈಕು ನಿಜವಾಗಿ ಸಾಗುತ್ತಿರುವ ದಿಕ್ಕನ್ನೇ ನೋಡುತ್ತಿರುತ್ತದೆ, ಅಷ್ಟೆ. ಮುಂದಿನ ಬ್ರೇಕು ಇಲ್ಲದಿರುವುದು ಹುಚ್ಚು ಸಾಹಸವೂ ಅಲ್ಲ, ಏಕೆಂದರೆ ವಾಲಿದ ಬೈಕಿನ ಮುಂದಿನ ಚಕ್ರವು ಮಣ್ಣಿನಲ್ಲಿ ಕಚ್ಚಿ ನಿಂತರೆ ಬೀಳುವುದು ಖಂಡಿತ. 1960ರ ದಶಕದ ಕೊನೆಯ ಹೊತ್ತಿನವರೆಗೆ ಅಮೆರಿಕದ ಅಂಡಾಕಾರದ ಹಾದಿಯ ಬೈಕುಗಳಿಗೆ ಹಿಂದಿನ ಬ್ರೇಕಿಗೂ ಅನುಮತಿ ಇರಲಿಲ್ಲ.

ಇಷ್ಟಾದರೂ ಮೊದಲ ನಂಬಿಕೆ ಸಾಯದಿರುವುದಕ್ಕೆ ಕಾರಣ ಛಾಯಾಚಿತ್ರ. ಚಿತ್ರವು ದೇಹದ ಆಕಾರವನ್ನು ತೋರಿಸುತ್ತದೆಯೇ ಹೊರತು ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನಲ್ಲ. ಅಮೆರಿಕದ ಒಂದು ಮೈಲಿ ಉದ್ದದ ಹಾದಿಗಳಲ್ಲಿ, ಟೈರುಗಳ ರಬ್ಬರು ಮೆತ್ತಿ ಕಪ್ಪಾಗಿ ಗಟ್ಟಿಯಾದ ‘ಗ್ರೂವ್’ ಎಂಬ ಜಾಡಿನ ಮೇಲೆ ಹಿಡಿತವು ಡಾಂಬರನ್ನು ನೆನಪಿಸುವಷ್ಟು ಇರುವುದರಿಂದ, ನೇರ ಹಾದಿಯಲ್ಲಿ ಗಂಟೆಗೆ 200 ಕಿ.ಮೀ. ದಾಟಿ ಬರುವ ಸವಾರರು ಅಲ್ಲಿ ಬೈಕಿನೊಂದಿಗೆ ತಾವೂ ವಾಲುತ್ತಾರೆ. ಆ ಒಂದು ಚಿತ್ರವನ್ನು ಹಿಡಿದು ಸಡಿಲ ಮಣ್ಣಿನ ಪುಟ್ಟ ಹಾದಿಗೂ ನಿಯಮ ಬರೆಯುವವರಿಗೆ ಕೊರತೆಯಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬಾಯಿಪಾಠ ಮಾಡಿದ ಸಮಾಜವೇ, ಮೊಬೈಲಿನಲ್ಲಿ ಕಂಡ ಹತ್ತು ಸೆಕೆಂಡಿನ ತುಣುಕನ್ನು ಪ್ರಮಾಣವೆಂದು ಸ್ವೀಕರಿಸುತ್ತದೆ, ಚಿತ್ರ ಎಷ್ಟು ಸ್ಪಷ್ಟವೋ ಅರ್ಥವೂ ಅಷ್ಟೇ ಸ್ಪಷ್ಟವೆಂದು ನಂಬುತ್ತದೆ. ವಿಚಿತ್ರವೆಂದರೆ ಈಗ ಕನ್ನಡ ನಾಡಿನವರು ಮಣ್ಣಿನ ಈ ಭಂಗಿಯನ್ನು ಕಲಿಯಲು ಕಡಲು ದಾಟಬೇಕಾಗಿಲ್ಲ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್‌ನಲ್ಲಿ, ಹಿಮಾಲಯನ್ ಬೈಕನ್ನೇ ಮಣ್ಣಿನ ಓಟಕ್ಕೆಂದು ಮಾರ್ಪಡಿಸಿದ ರಾಯಲ್ ಎನ್‌ಫೀಲ್ಡ್ ಎಫ್‌ಟಿ 411 ಬೈಕುಗಳ ಮೇಲೆ ಜಾರುವ ವಿದ್ಯೆಯ ತರಗತಿಗಳು ನಡೆದಿವೆ. ನಂದಿ ಬೆಟ್ಟದ ತಿರುವುಗಳಲ್ಲಿ ಮಂಡಿ ಸವರಿದ ಗುರುತನ್ನು ಪ್ಯಾಂಟಿನ ಮೇಲೆ ಹೊತ್ತು ಆ ಕೆಂಪು ಮಣ್ಣಿಗೆ ಇಳಿಯುವವನು ಅಲ್ಲಿ ಮೊದಲು ಬಿಡಬೇಕಾದದ್ದು, ಸೀಟಿನ ಎಡ ಅಂಚು.