ತುಳಸಿ ಬೆಳ್ಳಗಾದ ರಾತ್ರಿ

ಕಳೆದುಹೋದ ಸ್ಕೂಟರ್ ಕೀ ಹುಡುಕಲು ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೋಣೆಯಲ್ಲಿ ಹಿಂದಿನ ರಾತ್ರಿಯ ಸಿಸಿಟಿವಿ ದೃಶ್ಯ ನೋಡುತ್ತಿದ್ದೆ. ಕೀ ಮರೆತೇಹೋಯಿತು! ಗೇಟಿನ ಪಕ್ಕದ ತುಳಸಿ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಹಿಂದಿನ ಹೊಂಗೆ ಮರವೂ ಬೆಳ್ಳಗೆ. ಓಡಿಹೋಗಿ ಟಾರ್ಚ್ ಬಿಟ್ಟು ನೋಡಿದರೆ ಅದೇ ಹಸಿರು!

ಕತ್ತಲಲ್ಲಿ ಆ ಕ್ಯಾಮೆರಾ ಚೆಲ್ಲುವುದು ಅವಗೆಂಪು ಬೆಳಕು, ಸಾಮಾನ್ಯವಾಗಿ 850 ನ್ಯಾನೊಮೀಟರಿನದು. ಟಿವಿ ರಿಮೋಟಿನ ಬೆಳಕಿನ ದಾಯಾದಿ. ಎಲೆ ಕೆಂಪು ಬೆಳಕನ್ನು ಗಟಗಟ ಕುಡಿಯುತ್ತದೆ. ಅವಗೆಂಪನ್ನು ಮಾತ್ರ ಒಲ್ಲೆ ಎಂದು ಹೆಚ್ಚುಕಡಿಮೆ ಅರ್ಧದಷ್ಟನ್ನು ವಾಪಸು ಎರಚುತ್ತದೆ. ಅಂದರೆ ಲಾಲ್‌ಬಾಗ್ ದಿನಾ ಹಗಲಿಡೀ ಧಗಧಗ ಹೊಳೆಯುತ್ತಿದೆ, ನಮಗೆ ಕಾಣುತ್ತಿಲ್ಲ ಅಷ್ಟೆ!

ಕುಡಿಯುವ ಕೆಂಪಿಗೂ ಎರಚುವ ಅವಗೆಂಪಿಗೂ ನಡುವೆ, 680ರಿಂದ 750 ನ್ಯಾನೊಮೀಟರಿನೊಳಗೆ, ಒಂದು ಕಡಿದಾದ ಏರು. ವಿಜ್ಞಾನಿಗಳ 'ರೆಡ್ ಎಡ್ಜ್' ಇದೇ. ನನಗೆ 'ಕೆಂಪಂಚು' ಅನ್ನಲು ಇಷ್ಟ, ಸೀರೆಗೂ ಒಪ್ಪುವ ಮಾತು. ಪೈರು ತನ್ನ ಹಸಿವನ್ನು ಬರೆದಿಡುವುದು ಇಲ್ಲಿ. ಪತ್ರಹರಿತ್ತಿನ ಒಂದೊಂದು ಅಣುವಿಗೂ 4 ಸಾರಜನಕ ಪರಮಾಣು ಬೇಕು. ಸಾರಜನಕ ಸಾಲದೆ ಹೋದರೆ ಪತ್ರಹರಿತ್ತು ಇಳಿಯುತ್ತದೆ, ಎಲೆ ಹಳದಿಯಾಗುತ್ತದೆ, ಕೆಂಪಂಚು ಕೆಲವು ನ್ಯಾನೊಮೀಟರು ಹಿಂದೆ ಸರಿಯುತ್ತದೆ. ಕೆಲವೇ ಕೆಲವು! ಅದನ್ನು ನೂರಾರು ಕಿಲೋಮೀಟರ್ ಎತ್ತರದಿಂದ ಓದುತ್ತಾರೆ!

ಓದುವವರು ದೂರದವರೂ ಅಲ್ಲ. ಇಸ್ರೋದ ಪ್ರಾದೇಶಿಕ ದೂರಸಂವೇದಿ ಕೇಂದ್ರ ಹಿಂದೆ ಇಲ್ಲೇ ಬನಶಂಕರಿಯ ಈಶ್ವರನಗರದಲ್ಲಿತ್ತು, ನಮಗೆ ಆಟೋ ದೂರ. 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮೆರಾಕ್ಕೆ ನೆಲದ 72.5 ಮೀಟರ್ ಒಂದು ಚುಕ್ಕೆ. ಒಂದೂಕಾಲು ಎಕರೆಯ ರಾಗಿ, ಅವರೆ, ಬದು ಎಲ್ಲ ಅದರೊಳಗೆ ಕಲಸಿದ ಚಿತ್ರಾನ್ನ. 2018ರ ನವೆಂಬರ್ 29ರಂದು ಇಸ್ರೋ ಹೈಸಿಸ್ ಉಪಗ್ರಹ ಹಾರಿಸಿತು. ಬೆಳಕನ್ನು ಹತ್ತಾರು ಸಣ್ಣ ಎಳೆಗಳಾಗಿ ಬಿಡಿಸಿ ನೋಡುವ ಕಣ್ಣು. 2025ರ ಜನವರಿ 14ರಂದು ಬೆಂಗಳೂರಿನ ಪಿಕ್ಸೆಲ್ ಕಂಪನಿಯ 3 ಫೈರ್‌ಫ್ಲೈ ಉಪಗ್ರಹಗಳು ಮೇಲೇರಿದವು. ಮಿಂಚುಹುಳು ಅಂತ ಹೆಸರು! ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರಿನ ಆಲ್ದೂರಿನವರು, ಕಾಫಿ ಸೀಮೆಯವರು. ಈ ಮಿಂಚುಹುಳುಗಳ ಚುಕ್ಕೆ 5 ಮೀಟರ್, ನಮ್ಮ ಬೇಸ್‌ಮೆಂಟಿನಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗ. ಹೊಲದ ಯಾವ ಮೂಲೆಗೆ ಮೇಲುಗೊಬ್ಬರ ಬೇಕು, ಯಾವುದಕ್ಕೆ ಬೇಡ ಎಂದು ಬೇರ್ಪಡಿಸುವ ಮಾತು ಈಗ ಆಡಬಹುದು.

ಆದರೂ ಹಳದಿ ಎಂದರೆ ಹಸಿವೇ ಆಗಬೇಕಿಲ್ಲ. ನೀರು ಕಮ್ಮಿಯಾದರೂ, ರೋಗ ಬಿದ್ದರೂ ಎಲೆ ಸೊರಗುತ್ತದೆ. ಯಾರಾದರೂ ಗದ್ದೆಗಿಳಿದು ನೋಡಲೇಬೇಕು. ಅದೂ ಅಲ್ಲದೆ ಗಿಡ ತಾಯಿಯಂಥದ್ದು: ಸಾರಜನಕದ ಬರ ಬಂದಾಗ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಉಣಿಸುತ್ತದೆ. ಮೊದಲು ಹಳದಿಯಾಗುವುದು ಬುಡದೆಲೆ. ಆಕಾಶಕ್ಕೆ ಮೊದಲು ಕಾಣುವುದು ತುದಿ.

ಬೆಳಗಾಗುತ್ತಲೇ ತುಳಸಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಬುಡದಲ್ಲಿ ಎರಡು ಎಲೆ ಹಳದಿ! ಮತ್ತೆ ಒಳಗೆ ಹೋಗಿ ರಾತ್ರಿಯ ದೃಶ್ಯ ಹಾಕಿಸಿದೆ. ಕ್ಯಾಮೆರಾಕ್ಕೆ ಕಂಡದ್ದು ಅವಗೆಂಪೊಂದೇ, ಪಕ್ಕದಲ್ಲಿಟ್ಟು ಹೋಲಿಸಲು ಕೆಂಪಿಲ್ಲ. ಆ ಎರಡು ಎಲೆಗಳೂ ಉಳಿದವುಗಳಷ್ಟೇ ಬೆಳ್ಳಗಿದ್ದವು.