ಆಡು-ಹುಲಿ ಆಟದಲ್ಲಿ ಹುಲಿ ಕಡೆ ಕೂತರೆ ಗೆದ್ದ ಹಾಗೆಯೇ?

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳಿಸಿದ್ದಾರೆ. ‘ಆಡು-ಹುಲಿ ಆಟದಲ್ಲಿ ಯಾವಾಗಲೂ ಹುಲಿಯದ್ದೇ ಗೆಲುವು. 1937ರಲ್ಲಿ ಚೀನಾ ಜಪಾನಿಗೆ ಸೋತದ್ದೂ ಹೀಗೇ. ಎಲ್ಲರಿಗೂ ಶೇರ್ ಮಾಡಿ’ ಎಂದಿದೆ ಅದರಲ್ಲಿ. ಎರಡೂ ಮಾತು ತಪ್ಪು. ಆದರೆ ಹೋಲಿಕೆ ಮಾತ್ರ ಚೆನ್ನಾಗಿದೆ, ಹಾಗಾಗಿ ಬಿಡಿಸಿ ನೋಡೋಣ.

ಆಟ ಗೊತ್ತಿಲ್ಲದವರಿಗೆ: ನೆಲದ ಮೇಲೆ ಗೆರೆ ಎಳೆದು, ಹುಲಿಗಳಿಗೆ ಕಲ್ಲು, ಆಡುಗಳಿಗೆ ಹುಣಸೆಬೀಜವೋ ಕಾಫಿಬೀಜವೋ ಇಟ್ಟರೆ ಆಟ ಸಿದ್ಧ. ತ್ರಿಕೋನದ ಮನೆಯಲ್ಲಿ ಸಾಮಾನ್ಯವಾಗಿ 3 ಹುಲಿ, 15 ಆಡು. ಊರಿಂದೂರಿಗೆ ಲೆಕ್ಕ ಬದಲಾಗುತ್ತದೆ. ಆಡನ್ನು ಹಾರಿ ಆಚೆಯ ಖಾಲಿ ಜಾಗಕ್ಕೆ ಬಿದ್ದರೆ ಹುಲಿ ಅದನ್ನು ತಿಂದಂತೆ. ಹುಲಿಗಳು ಅಲ್ಲಾಡದಂತೆ ಸುತ್ತುವರಿದರೆ ಆಡಿನವರು ಗೆದ್ದಂತೆ.

ಇದರ ನೇಪಾಳಿ ಸೋದರ ‘ಬಾಘ್ ಚಾಲ್’. ಅದಕ್ಕೆ 25 ಬಿಂದುಗಳ ಚೌಕ, 4 ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಈ ಆಟವನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಡ್ರಾ ಆಗುತ್ತದೆ ಎಂದು ತೋರಿಸಿದರು. ನಮ್ಮ ತ್ರಿಕೋನದ ಮನೆಗೆ ಈ ಲೆಕ್ಕ ನೇರವಾಗಿ ಅನ್ವಯಿಸದು. ಆದರೂ ‘ಹುಲಿ ಬಲಶಾಲಿ, ಆದ್ದರಿಂದ ಗೆಲುವು ಖಚಿತ’ ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಹುಲಿ ಬೇಗ ಗೆಲ್ಲುತ್ತದೆ ಅನ್ನಿಸುವುದೇಕೆ? ಹೊಸಬರು ಆಡನ್ನು ನಟ್ಟನಡುವೆ ಇಡುತ್ತಾರೆ, ಅದಕ್ಕೆ. ಚೌಕದ ಮೂಲೆಯಲ್ಲಿರುವ ಆಡನ್ನು ಹಾರಲು ಆಗುವುದೇ ಇಲ್ಲ, ಆಚೆ ಬೀಳಲು ಜಾಗವಿಲ್ಲ. ಅಂಚಿನದನ್ನು ಅಂಚಿನ ಗೆರೆಯಲ್ಲೇ ಹಾರಬೇಕು. ಆದ್ದರಿಂದ ಜಾಣರು ಅಂಚಿನಿಂದ ಶುರುಮಾಡಿ, ಒಂದರ ಬೆನ್ನಿಗೆ ಇನ್ನೊಂದನ್ನು ನಿಲ್ಲಿಸುತ್ತಾರೆ. ಹುಲಿಯವರು ಮಾಡುವ ದೊಡ್ಡ ತಪ್ಪು, ಒಂದು ಆಡಿನ ಆಸೆಗೆ ಮೂಲೆಗೆ ಹೋಗುವುದು. ಮೂಲೆಯ ಹುಲಿಯನ್ನು ಕಟ್ಟಿಹಾಕಲು 6 ಕಾಯಿ ಸಾಕು. ನಡುವಿನ ಹುಲಿಗೆ 16 ಬೇಕು!

ಈಗ ಯುದ್ಧದ ಮಾತು. 1937ರ ಜುಲೈನಲ್ಲಿ ಶುರುವಾದ ಕಾಳಗದಲ್ಲಿ ಜಪಾನ್ ಹುಲಿಯಂತೆಯೇ ನುಗ್ಗಿತು. ಡಿಸೆಂಬರಿಗೆ ನಾನ್‌ಜಿಂಗ್, 1938ರ ಅಕ್ಟೋಬರಿಗೆ ವುಹಾನ್ ಅದರ ಕೈಸೇರಿದವು. ಚೀನಾ ಸರ್ಕಾರ ಒಳನಾಡಿನ ಚೊಂಗ್‌ಚಿಂಗ್‌ಗೆ ಹೋಗಿ ಕೂತಿತು. ಜಾಗ ಕೊಟ್ಟು ಕಾಲ ಕೊಂಡಿತು ಅನ್ನಬಹುದು. ಜಪಾನ್ ಹಿಡಿದದ್ದು ಮುಖ್ಯವಾಗಿ ನಗರ, ರೈಲುದಾರಿ. ಹಳ್ಳಿಗಾಡು ಅದರ ಕೈಗೆ ಪೂರ್ತಿ ಸಿಗಲೇ ಇಲ್ಲ. ಸೇನೆಯ ದೊಡ್ಡ ಪಾಲು ವರ್ಷಗಟ್ಟಲೆ ಅಲ್ಲೇ ಸಿಕ್ಕಿಬಿದ್ದಿತು. 1945ರಲ್ಲಿ ಶರಣಾದದ್ದು ಜಪಾನ್. ಚೀನಾ ಒಬ್ಬಂಟಿಯಾಗಿ ಸೋಲಿಸಿತು ಎಂದೂ ಹೇಳಲಾಗದು, ಅಮೆರಿಕ ಮತ್ತು ಸೋವಿಯತ್ ಹೊಡೆತ ಜೊತೆಗಿತ್ತು. ಈ ಕಾಳಗವನ್ನು ಮೇಜಿನ ಮೇಲೆ ಆಡುವಾಗ ಜಪಾನ್ ಕಡೆ ಕೂತವರು ಮೊದಲ ಸುತ್ತುಗಳಲ್ಲೇ ರೈಲುದಾರಿ ಹಿಡಿಯಬೇಕು, ಸರಬರಾಜು ಮುಟ್ಟದಷ್ಟು ಒಳಗೆ ಹೋಗಬಾರದು. ನಮ್ಮ ಹುಲಿ ಮೂಲೆಗೆ ಹೋಗಬಾರದು ಅನ್ನುವುದೂ ಅದೇ.

ಹೋಲಿಕೆ ನಿಲ್ಲುವ ಜಾಗವೂ ಒಂದಿದೆ. 1938ರ ಜೂನ್‌ನಲ್ಲಿ ಜಪಾನ್ ಸೇನೆಯನ್ನು ತಡೆಯಲು ಚೀನಾದವರೇ ಹಳದಿ ನದಿಯ ಏರಿ ಒಡೆದರು. ಲಕ್ಷಾಂತರ ಚೀನೀ ಹಳ್ಳಿಗರು ಸತ್ತರು. ಆಟ ಮುಗಿದ ಮೇಲೆ ಕಾಫಿಬೀಜವನ್ನು ಮತ್ತೆ ಡಬ್ಬಿಗೆ ಹಾಕಬಹುದು, ಅವರನ್ನಲ್ಲ.

ಆ ಫಾರ್ವರ್ಡ್ ನಿಮಗೂ ಬಂದರೆ ಕಳಿಸಿದವರನ್ನೇ ಆಟಕ್ಕೆ ಕರೆಯಿರಿ. ಹುಲಿ ಅವರಿಗಿರಲಿ, ನೀವು ಅಂಚಿನಿಂದ ಆಡು ಇಡುತ್ತಾ ಬನ್ನಿ.